ತಂತಿಯಿಲ್ಲದ ತೊಂದರೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ನಡೆದು ನಮ್ಮ ಚಿನ್ನದ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲೇ ಬಂದಿತೆಂಬುದು ನಮ್ಮೂರವರ ಹೆಮ್ಮೆ. ಅಂಥ ಊರಿನ ಮಾರಿಕುಪ್ಪಂನಲ್ಲಿ, ಪಕ್ಕದ ಮನೆಯ ಗೋಡೆಯಾಚೆಯಿಂದ ನನ್ನ ಲ್ಯಾಪ್‌ಟಾಪಿಗೆ ವೈಫೈ ಬರಲೊಲ್ಲದೆ ಮೂರು ದಿನ ನನ್ನನ್ನು ಕಾಡಿದ ಕಥೆಯನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

ಲ್ಯಾಪ್‌ಟಾಪು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯದು. ಹಣ, ಅಮ್ಮ ಚೀಟಿ ಕಟ್ಟಿ ಕೂಡಿಟ್ಟದ್ದು. ಅದು ಆಮೆಯಂತೆ ನಡೆಯುತ್ತಿದ್ದುದರಿಂದ, ಗೆಳೆಯನೊಬ್ಬನ ಪೆನ್‌ಡ್ರೈವಿನಲ್ಲಿದ್ದ ಡೆಬಿಯನ್ 11 ಎಂಬ ಲಿನಕ್ಸನ್ನು ಹಾಕಹೊರಟೆ. ನಡುವೆ ಅದು ಯಾವುದೋ ಕಡತ ಸಿಗುತ್ತಿಲ್ಲವೆಂದು ಎಚ್ಚರಿಸಿತು. ಓದುವ ತಾಳ್ಮೆ ಯಾರಿಗಿದೆ? ‘ಮುಂದೆ’ ಎಂಬುದನ್ನು ಒತ್ತಿದೆ. ಹಳೆಯದೆಲ್ಲ ಅಳಿಸಿಹೋಯಿತು. ಹೊಸದು ಚುರುಕಾಗಿ ಎದ್ದಿತು, ವೈಫೈ ಮಾತ್ರ ಎಳ್ಳಷ್ಟೂ ಇಲ್ಲ! ವಿದ್ಯಾರ್ಥಿವೇತನದ ಅರ್ಜಿಗೆ ಉಳಿದಿದ್ದುದು ನಾಲ್ಕೇ ದಿನ. ಮನೆಯಲ್ಲಿದ್ದ ಒಂದೇ ಸ್ಮಾರ್ಟ್ ಫೋನು ಅಮ್ಮನೊಂದಿಗೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಿತ್ತು. “ಹಾಳಾಯಿತೇನೋ?” ಎಂದು ಅಮ್ಮ ಒಂದೇ ಸಲ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಎರಡು ದಿನ ಕಂಡ ಗುಂಡಿಯನ್ನೆಲ್ಲ ಒತ್ತಿದೆ. ಮೂರನೆಯ ದಿನ ತಾತ, “ಏನಪ್ಪ ಅದರ ರೋಗ?” ಎಂದರು.

“ಡ್ರೈವರ್ ಕೆಲಸ ಮಾಡುತ್ತಿಲ್ಲ ತಾತ.”

ತಾತನಿಗೆ ಕೋಪವೇ ಬಂದಿತು. ಅವರು ಗಣಿಯಲ್ಲಿ ವೈಂಡಿಂಗ್ ಎಂಜಿನಿನ ಡ್ರೈವರಾಗಿದ್ದವರು. “ಡ್ರೈವರನ್ನು ಬೈಯಬೇಡವೋ! ಕೇಜು ಅವನ ಕಣ್ಣಿಗೆ ಕಾಣುವುದಿಲ್ಲ. ಗಂಟೆ ಬಾರಿಸಿದಂತೆ ಇಳಿಸುತ್ತಾನೆ, ಏರಿಸುತ್ತಾನೆ. ಗಂಟೆ ಬಂತೋ ಇಲ್ಲವೋ ಮೊದಲು ಅದನ್ನು ನೋಡು” ಎಂದರು.

ನಗುತ್ತಲೇ ನೋಡಿದೆ. ‘ಎಲ್‌ಎಸ್‌ಪಿಸಿಐ -ಕೆ’ ಎಂಬ ಆಜ್ಞೆ ಕೊಟ್ಟರೆ ವೈಫೈ ಕಾರ್ಡೂ ಇದೆ, ಅದರ ಡ್ರೈವರೂ ಇದೆ! ‘ಡಿಮೆಸ್ಜ್’ ಎಂಬ ಆಜ್ಞೆಯಲ್ಲಿ ಯಂತ್ರ ತನ್ನ ದಿನಚರಿಯನ್ನೇ ಬರೆದಿಟ್ಟಿತ್ತು: ಫರ್ಮ್‌ವೇರ್ ಕಡತ ಸಿಗಲಿಲ್ಲ. ಕಾರ್ಡು ಎಚ್ಚರಗೊಳ್ಳಬೇಕಾದರೆ ಡ್ರೈವರು ಆ ಕಡತವನ್ನು ಅದಕ್ಕೆ ಉಣಿಸಬೇಕು. ಅದರ ಒಳಗುಟ್ಟನ್ನು ತಯಾರಕರು ಬಿಟ್ಟುಕೊಡದ ಕಾರಣ, ಎಲ್ಲವೂ ಮುಕ್ತವಾಗಿರಬೇಕೆಂಬ ವ್ರತದ ಡೆಬಿಯನ್ನಿನವರು ಅದನ್ನು ಬೇರೆಯಾಗಿಯೇ ಇಟ್ಟಿದ್ದರು. 2022ರಲ್ಲಿ ಅವರೇ ಮತ ಹಾಕಿ ವ್ರತವನ್ನು ಸಡಿಲಿಸಿ, 2023ರ ಡೆಬಿಯನ್ 12ರಿಂದ ಅಂಥ ಕಡತಗಳನ್ನೂ ಜೊತೆಗೇ ಕೊಡತೊಡಗಿದರು. ನನ್ನದು ಅದಕ್ಕೆ ಹಿಂದಿನ ಪ್ರತಿ. ಎಚ್ಚರಿಕೆಯನ್ನಂತೂ ಅದು ಕೊಟ್ಟಿತ್ತು, ಓದದವನು ನಾನು.

ಅಂದು ರಾತ್ರಿ ಅಮ್ಮ ರೈಲಿಳಿದು ಬಂದೊಡನೆ ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಕಟ್ಟಿ, ಅದರ ಇಂಟರ್‌ನೆಟ್ಟನ್ನು ಎರವಲು ಪಡೆದೆ. ಆಕರಗಳ ಪಟ್ಟಿಯಲ್ಲಿ ‘ನಾನ್-ಫ್ರೀ’ ಎಂಬ ಪದವನ್ನು ಸೇರಿಸಿ, ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’ ಎಂಬುದನ್ನು ತರಿಸಿಕೊಂಡು, ಯಂತ್ರವನ್ನು ಆರಿಸಿ ಹೊತ್ತಿಸಿದೆ. ಪಕ್ಕದ ಮನೆಯ ವೈಫೈ ಹೆಸರು ಪರದೆಯ ಮೇಲೆ ಮೂಡಿತು! ತಂತಿಯಿಲ್ಲದ ಸಂಪರ್ಕಕ್ಕೆ ಕೊನೆಗೂ ತಂತಿಯೇ ಗತಿಯಾಯಿತು. ಮರುದಿನ ಅರ್ಜಿ ಹೋಯಿತು.

“ಗಂಟೆ ಬಂತೇನೋ?” ಎಂದು ತಾತ ಹಾಸಿಗೆಯಿಂದಲೇ ಕೇಳಿದರು. “ಬಂತು ತಾತ” ಎಂದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಂದಿನಿಂದ ಅವರಿಗೆ ಆ ಗಂಟೆ ಕೇಳಿಲ್ಲ. ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದ ಗಣಿಯಲ್ಲಿ ಒಂದು ಗಂಟೆಯನ್ನು ಅಲಕ್ಷಿಸಿದರೆ ಜೀವಗಳೇ ಹೋಗುತ್ತಿದ್ದವು. ನನಗೆ ಹೋದದ್ದು ಮೂರು ದಿನದ ನಿದ್ದೆ ಮಾತ್ರ. ಅಂದಿನಿಂದ ‘ಮುಂದೆ’ ಎಂಬುದನ್ನು ಒತ್ತುವ ಮೊದಲು ಬರೆದದ್ದನ್ನು ಓದುತ್ತೇನೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೂ ಹಾಗೆಯೇ ಓದುವೆನೆಂದು ಅಧ್ಯಾಪಕರಿಗೆ ಮಾತು ಕೊಡುವಷ್ಟು ಧೈರ್ಯ ಮಾತ್ರ ಇನ್ನೂ ಬಂದಿಲ್ಲ.