ಸ್ವರದ ಮೇಲಿನ ಗೆರೆ

ಪಾವಗಡ ತಾಲ್ಲೂಕಿನ ತಿರುಮಣಿ ಆಂಧ್ರದ ಗಡಿಗೆ ಸಮೀಪದ ಊರು. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಊರೆಂದು ಇಂದು ಅದಕ್ಕೆ ಹೆಸರಿದೆ. ಆ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯ ಓದು ಕನ್ನಡ. ಎರಡು ಲಿಪಿಗಳೂ ಅಕ್ಕತಂಗಿಯರಂತಿರುವುದರಿಂದ ಒಂದನ್ನು ಬಲ್ಲವರಿಗೆ ಇನ್ನೊಂದು ಬಹುಕಾಲ ಅಪರಿಚಿತವಾಗಿ ಉಳಿಯುವುದಿಲ್ಲ.

ಅಂಥ ಮನೆಯಲ್ಲಿ ವೀಣೆ ಕಲಿಯುವ ಹುಡುಗಿಯೊಬ್ಬಳ ಕೈಗೆ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ದೊರೆಯಿತೆಂದು ಊಹಿಸಿಕೊಳ್ಳಬಹುದು. 1904ರಲ್ಲಿ ಎಟ್ಟಯಾಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದ ಗ್ರಂಥವದು. ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರು, ಬಾಯಿಂದ ಬಾಯಿಗೆ ಬಂದಿದ್ದ ಕೃತಿಗಳನ್ನು ತಮ್ಮ ಇಳಿವಯಸ್ಸಿನಲ್ಲಿ ಅದರಲ್ಲಿ ಸ್ವರಪಡಿಸಿದರು. 1906ರಲ್ಲಿ ಅವರು ಕಾಲವಾದರು.

ಹುಡುಗಿ ಅಕ್ಷರಗಳನ್ನು ತಡವರಿಸದೆ ಓದಿದಳು. ಆದರೆ ಸ್ವರಗಳ ನೆತ್ತಿಯ ಮೇಲೆ ಅಲೆಯಂಥ ಗೆರೆ, ಮೂರು ಚುಕ್ಕಿ, ಓರೆಗೀಟು, ಕತ್ತರಿ ಗುರುತು! ಮೊದಲ ದಿನ ಅವನ್ನು ಬಿಟ್ಟು ನುಡಿಸಿದಳು. ಸ್ವರ ಒಂದೂ ತಪ್ಪಲಿಲ್ಲ. ರಾಗ ಮಾತ್ರ ಎಲ್ಲಿಯೂ ಕಾಣಿಸಲಿಲ್ಲ.

ಗ್ರಂಥಕರ್ತರು ಈ ಗುರುತುಗಳನ್ನು ವಿವರಿಸಿಯೇ ಇದ್ದಾರೆ. ಅಲೆಗೆರೆ ಕಂಪಿತ, ತಂತಿಯನ್ನು ಒತ್ತಿ ಅಲುಗಿಸಬೇಕು. ಮೂರು ಚುಕ್ಕಿ ನೆಟ್ಟಗಿದ್ದರೆ ಸ್ಫುರಿತ, ತಲೆಕೆಳಗಾದರೆ ಪ್ರತ್ಯಾಹತ. ಏರುವ ಓರೆಗೀಟು ಏರುಜಾರು, ಇಳಿಯುವುದು ಇಳಿಜಾರು. ಕತ್ತರಿ ಗುರುತಿದ್ದಲ್ಲಿ ಬೆರಳು ಕೆಳಗಿನ ಮೆಟ್ಟಿಲಲ್ಲೇ ನಿಂತು, ತಂತಿಯನ್ನು ಎಳೆದು ಮೇಲಿನ ಸ್ವರವನ್ನು ಹೊರಡಿಸಬೇಕು. ಆದರೆ ಎಷ್ಟು ಅಲುಗಿಸಬೇಕು? ಎಷ್ಟು ಹೊತ್ತು? ಅದನ್ನು ಕಾಗದ ಹೇಳದು. ಹಿರಿಯ ವೈಣಿಕರೊಬ್ಬರು ಅದೇ ಸಾಲನ್ನು ನುಡಿಸಿ ತೋರಿಸಿದ ಮೇಲೆಯೇ ಆ ಗೆರೆ ಅವಳಿಗೆ ನಾದವಾಯಿತು.

ಈ ತೊಡಕು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಫ್ರಾನ್ಸಿನ ಕೂಪರಾನ್ 1713ರಲ್ಲಿ ತನ್ನ ಕೀಲಿಮಣೆ ವಾದ್ಯದ ಕೃತಿಗಳೊಡನೆ ಅಲಂಕಾರ ಚಿಹ್ನೆಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಜರ್ಮನಿಯ ಬಾಖ್ 1720ರಲ್ಲಿ ಒಂಬತ್ತು ವರ್ಷದ ಮಗನಿಗಾಗಿ ತೆರೆದ ಪುಸ್ತಕದಲ್ಲಿ ಅಂಥದೇ ಪಟ್ಟಿಯನ್ನು ಬರೆದುಕೊಟ್ಟ. ಆದರೆ ಅವರಿಗಿಂತ ಹಿಂದೆ ಇಂಗ್ಲೆಂಡಿನಲ್ಲಿ ಬರ್ಡ್ ಮೊದಲಾದವರ ಕೃತಿಗಳ ಹಸ್ತಪ್ರತಿಗಳಲ್ಲಿ ಸ್ವರದ ಕಡ್ಡಿಗೆ ಅಡ್ಡಲಾಗಿ ಎಳೆದ ಒಂದು ಗೀಟು, ಎರಡು ಗೀಟುಗಳಿಗೆ ಆ ಕಾಲದ ವಿವರಣೆ ಉಳಿದುಬಂದಿಲ್ಲ. ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಎಲ್ಲರೂ ಬಲ್ಲ ಸಂಗತಿಯನ್ನು ಬರೆದಿಡುವುದೇಕೆ ಎಂದು ಅಂದಿನವರಿಗೆ ತೋರಿದ್ದಿರಬೇಕು. ಎಲ್ಲರೂ ಬಲ್ಲರೆಂದು ಬಿಟ್ಟದ್ದೇ ಮೊದಲು ಮರೆತುಹೋಗುತ್ತದೆ.

ಹುಡುಗಿ ಅಂದು ಕಲಿತ ಕೃತಿಯನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಒಂದು ಗೀಟನ್ನೂ ಬಿಡಲಿಲ್ಲ. ಮೊದಲ ಪುಟದಲ್ಲಿ ಪ್ರತಿಯೊಂದು ಗುರುತಿನ ಎದುರು ಅದರ ಅರ್ಥವನ್ನು ಬರೆದಳು. ಮುಂದೆ ಆ ಪುಟವನ್ನು ತೆರೆಯುವವರು ಯಾರೋ ಅವಳಿಗೆ ತಿಳಿಯದು; ಆದರೆ ಅವರು ಕತ್ತಲಲ್ಲಿ ತಡಕಾಡಬೇಕಾಗಿಲ್ಲ.