ಕಂಚಿನ ಕಡಲಿನ ಲೆಕ್ಕ

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರದ ಪ್ರಬೋಧನೆಯಲ್ಲಿ ನಾನೊಂದು ಲೆಕ್ಕವನ್ನು ಹೇಳಿದೆ. ಸೊಲೊಮೋನನ ದೇವಾಲಯದಲ್ಲಿದ್ದ ಕಂಚಿನ ಕಡಲು ಅಂಚಿನಿಂದ ಅಂಚಿಗೆ ಹತ್ತು ಮೊಳ, ಸುತ್ತಳತೆ ಮೂವತ್ತು ಮೊಳ ಎನ್ನುತ್ತದೆ ಅರಸುಗಳ ಮೊದಲನೆಯ ಗ್ರಂಥ (7:23). ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರಬೇಕಾದ ‘ಪೈ’ 3.14159, ಇಲ್ಲಿ ಬರುವುದು ಬರಿಯ 3. ಆದರೆ ಆ ವಾಕ್ಯದಲ್ಲಿ ‘ನೂಲು’ ಎಂಬರ್ಥದ ಹೀಬ್ರೂ ಪದವನ್ನು ‘ಕಾವ್’ ಎಂದು ಓದುತ್ತಾರೆ. ಬರೆದಿರುವುದು ಮಾತ್ರ ಕೊನೆಗೊಂದು ಹೆಚ್ಚಿನ ಅಕ್ಷರದೊಂದಿಗೆ. ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆಯುಂಟು. ಬರೆದ ರೂಪದ ಮೊತ್ತ 111, ಓದುವ ರೂಪದ ಮೊತ್ತ 106. ಮೂರನ್ನು 111ರಿಂದ ಗುಣಿಸಿ 106ರಿಂದ ಭಾಗಿಸಿದರೆ 3.1415!

“ನಿಜವಾದ ಪೈ ಅಕ್ಷರದೊಳಗೇ ಅಡಗಿದೆ” ಎಂದೆ. ಜನ ತಲೆದೂಗಿದರು. ಪೂಜೆಯ ನಂತರ ಇಂಜಿನಿಯರಿಂಗ್ ಓದುತ್ತಿದ್ದ ಯುವಕನೊಬ್ಬ ಬಂದು, “ಸ್ವಾಮಿ, ಇನ್ನು ನನಗೆ ಸಂಶಯವಿಲ್ಲ” ಎಂದ. ನಾನು ಹಿಗ್ಗಿದೆ.

ಧರ್ಮಕೇಂದ್ರದ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾತ್ರ ಮೆಲ್ಲನೆ ಕೇಳಿದರು: “ಆ ಪದವನ್ನು ಬೇರೆಲ್ಲಿಯೂ ಹಾಗೆ ಬರೆದಿಲ್ಲವೇ, ಸ್ವಾಮಿ?”

ನಾನು ನೋಡಿರಲಿಲ್ಲ. ಗುರುಮಠದಲ್ಲಿ ಕಲಿತ ಅಲ್ಪಸ್ವಲ್ಪ ಹೀಬ್ರೂವನ್ನು ನೆಚ್ಚಿ ಅಂದು ರಾತ್ರಿ ಗ್ರಂಥಗಳನ್ನು ತೆರೆದೆ. ಯೆರೆಮೀಯ 31:39ರಲ್ಲಿಯೂ ಜೆಕರ್ಯ 1:16ರಲ್ಲಿಯೂ ಅದೇ ಹೆಚ್ಚಿನ ಅಕ್ಷರವಿದೆ. ಅಲ್ಲಿರುವುದು ಜೆರುಸಲೇಮನ್ನು ಮರಳಿ ಕಟ್ಟಲು ಹಿಡಿಯುವ ಅಳತೆಯ ನೂಲು. ವೃತ್ತದ ಸುಳಿವೇ ಇಲ್ಲ. ಇದೇ ಕಡಲನ್ನು ವರ್ಣಿಸುವ ಪೂರ್ವಕಾಲದ ಇತಿಹಾಸದ ಎರಡನೆಯ ಗ್ರಂಥದಲ್ಲಿ (4:2) ಆ ಅಕ್ಷರವೇ ಇಲ್ಲ!

“ಹಾಗಾದರೆ ಸಂಖ್ಯೆಗಳ ಹೊಂದಿಕೆಯೆಲ್ಲ ಆಕಸ್ಮಿಕವೇ?” ಎಂದು ಆ ಶಿಕ್ಷಕಿಯನ್ನು ಕೇಳಿದೆ. ಅವರು ಕಾಗದದ ಮೇಲೆ ಒಂದು ಲೆಕ್ಕ ಬರೆದರು. 2.71828 ಎಂದು ಆರಂಭವಾಗುವ ‘ಇ’ ಎಂಬ ಸ್ಥಿರಾಂಕವನ್ನು, ಪೈಯನ್ನು 163ರ ವರ್ಗಮೂಲದಿಂದ ಗುಣಿಸಿದ ಗುಣಲಬ್ಧದ ಘಾತಕ್ಕೆ ಏರಿಸಿದರೆ 262537412640768743 ಬಂದು, ದಶಮಾಂಶದ ನಂತರ ಸಾಲಾಗಿ ಹನ್ನೆರಡು ಒಂಬತ್ತುಗಳು ನಿಲ್ಲುತ್ತವೆ. ಪೂರ್ಣಾಂಕಕ್ಕೆ ಕೂದಲೆಳೆಯಷ್ಟೇ ಅಂತರ! ಫ್ರೆಂಚ್ ಗಣಿತಜ್ಞ ಶಾರ್ಲ್ ಎರ್ಮಿತ್ 1859ರಲ್ಲಿಯೇ ಇದನ್ನು ಕಂಡಿದ್ದರಂತೆ.

“ಇದು ಆಕಸ್ಮಿಕವಲ್ಲ, ಸ್ವಾಮಿ. 163ರ ಜಾಗದಲ್ಲಿ 67 ಇಟ್ಟರೆ ಐದು ಒಂಬತ್ತು, 43 ಇಟ್ಟರೆ ಮೂರು. ಮೂರಕ್ಕೂ ಸಂಖ್ಯಾಸಿದ್ಧಾಂತದಲ್ಲಿ ಒಂದೇ ಕಾರಣವಿದೆ. ಕಾರಣವಿದ್ದ ಹೊಂದಿಕೆಗೆ ಒಡಹುಟ್ಟಿದವರಿರುತ್ತಾರೆ. ನಿಮ್ಮ ಅಕ್ಷರದ ಲೆಕ್ಕ ಒಂಟಿ.”

ಮರುವಾರ ಪೀಠದಿಂದಲೇ ನನ್ನ ತಪ್ಪನ್ನು ಒಪ್ಪಿಕೊಂಡೆ. ಆ ಯುವಕನ ಮುಖ ಬಾಡಿತು. “ಹಾಗಾದರೆ ಮೂವತ್ತು ಎಂದೇಕೆ ಬರೆದರು?” ಎಂದು ಕೇಳಿದ. “ನಿನ್ನ ಅಜ್ಜಿ ತೋಟದ ಬಾವಿಯ ಅಳತೆ ಹೇಳುವುದಿಲ್ಲವೇ, ಹಾಗೆ. ಬರೆದವರು ಸ್ಥೂಲವಾಗಿ ಹೇಳಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಇಲ್ಲದ ಗುಟ್ಟನ್ನು ಅದರೊಳಗೆ ಇಟ್ಟವನು ನಾನು” ಎಂದೆ.

ಅವನ ಸಂಶಯ ಮರಳಿರಬಹುದು. ಆದರೆ ನಾನು ಕೊಟ್ಟಿದ್ದ ಆಧಾರ, ಯಾರಾದರೂ ಇನ್ನೆರಡು ಪುಟ ತಿರುವಿದರೆ ಕುಸಿಯುವಂಥದು. ಕುಸಿಯುವುದಾದರೆ ನನ್ನ ಕೈಯಿಂದಲೇ, ಬೇಗನೆ ಕುಸಿಯಲಿ ಎನಿಸಿತು. ಅವನು ಈಗಲೂ ಪ್ರಶ್ನೆಗಳೊಂದಿಗೆ ಬರುತ್ತಾನೆ. ಉತ್ತರಿಸುವ ಮೊದಲು ನಾನು ಪುಟ ತಿರುವುತ್ತೇನೆ.