ಹಗ್ಗದ ತುದಿಯ ಕಣಜ

ಸಿದ್ದಾಪುರದ ಪೇಟೆಯಲ್ಲಿ ನಿಂತವರಿಗೆ ಸಮುದ್ರ ಕಾಣುವುದಿಲ್ಲ. ಮೂಡಣಕ್ಕೆ ಘಟ್ಟದ ಗೋಡೆ, ಅದರ ತಲೆಯ ಮೇಲೆ ಸದಾ ಒಂದು ತುಂಡು ಮೋಡ. ಪಡುವಣಕ್ಕೆ ಅಡಕೆ ತೋಟ, ಗದ್ದೆ, ಹಾಡಿ. ಮೀನಿನ ಗಾಡಿಯ ಹಾರ್ನ್ ಕೇಳಿದಾಗಲಷ್ಟೇ ಕಡಲೊಂದು ಇದೆಯೆಂದು ನೆನಪಾಗುವ ಊರು ಇದು. ಆದರೂ ಊರಿನ ನಡುವೆ ಹಾದುಹೋಗುವ ರಸ್ತೆ ಕಡಲಿಗೇ ಸೇರಿದ್ದು ಎಂದು ನನಗೆ ಮೊದಲಿಂದಲೂ ಅನ್ನಿಸುತ್ತದೆ. ಕುಂದಾಪುರ, ಬಸ್ರೂರು, ಕಂಡ್ಲೂರು, ಸಿದ್ದಾಪುರ, ಹೊಸಂಗಡಿ, ಅಲ್ಲಿಂದ ಘಟ್ಟ ಹತ್ತಿ ನಗರ ಎಂಬ ಊರು: ಕೆಳದಿಯ ಅರಸರ ಕಾಲದಿಂದ ಮೆಣಸು, ಅಕ್ಕಿ ಇಳಿದದ್ದೂ ಉಪ್ಪು, ಒಣಮೀನು ಹತ್ತಿದ್ದೂ ಈ ಮಾರ್ಗದಲ್ಲೇ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕುಂದಾಪುರವನ್ನು ಹಿಡಿದು, ಸೈನ್ಯ ಕಟ್ಟಿಕೊಂಡು ಹೊಸಂಗಡಿ ಘಟ್ಟ ಹತ್ತಿದ. ತಿಂಗಳು ಮುಗಿಯುವಷ್ಟರಲ್ಲಿ ನಗರ ಅವನ ಕೈಲಿತ್ತು. ಟಿಪ್ಪು ಅದನ್ನು ಮರಳಿ ಪಡೆದದ್ದೂ, ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತದ್ದೂ ಅದೇ ವರ್ಷ. ಕಡಲ ದಂಡೆಯಲ್ಲಿ ಏನಾಗುತ್ತದೋ ಅದು ಎರಡು ದಿನದಲ್ಲಿ ಸಿದ್ದಾಪುರದ ಬಾಗಿಲಿಗೆ ಬರುತ್ತದೆ ಎನ್ನುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ನಾನು ಈ ಸಲ ಕಾರವಾರಕ್ಕೆ ಹೊರಟದ್ದು ಒಂದೇ ಒಂದು ಸಂಗತಿ ತಲೆಗೆ ಹೊಕ್ಕಿದ್ದರಿಂದ. 1971ರ ಯುದ್ಧದಲ್ಲಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳ ಕಥೆ ಓದುತ್ತಿದ್ದೆ. ಸೋವಿಯತ್ ದೇಶದಿಂದ ಬಂದ ಎಂಟು ದೋಣಿಗಳು. ಅವು ತಾವಾಗಿ ಸಾಗರ ದಾಟಿ ಬಂದವಲ್ಲ. ದೊಡ್ಡ ಸರಕು ಹಡಗುಗಳ ಮೇಲೆ ಸಾಮಾನಿನಂತೆ ಬಂದವು. ಇಷ್ಟು ಭಾರ ಎತ್ತಿ ನೀರಿಗಿಳಿಸುವ ಕ್ರೇನ್ ಮುಂಬಯಿಯಲ್ಲಿ ಇರಲಿಲ್ಲ, ಕಲ್ಕತ್ತೆಯಲ್ಲಿ ಇತ್ತು. ಆದ್ದರಿಂದ ಕಲ್ಕತ್ತೆಯಲ್ಲಿ ಇಳಿಸಿ, ಅಲ್ಲಿಂದ ಬೇರೆ ಹಡಗುಗಳ ಹಿಂದೆ ಹಗ್ಗ ಕಟ್ಟಿ, ಇಡೀ ದಕ್ಷಿಣ ಭಾರತವನ್ನು ಸುತ್ತಿಸಿ ಮುಂಬಯಿಗೆ ಎಳೆದು ತಂದರು. ಅಷ್ಟು ಓದಿ ಪುಸ್ತಕ ಮಡಚಿಟ್ಟೆ. ಕನ್ಯಾಕುಮಾರಿ ಸುತ್ತಿ ಮುಂಬಯಿಗೆ ಹೋಗುವುದೆಂದರೆ ನಮ್ಮ ಕಡಲಲ್ಲೇ ಹಾದುಹೋಗಬೇಕು! ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ. ಯುದ್ಧಕ್ಕೆ ಕೆಲವೇ ತಿಂಗಳ ಮೊದಲು, ಹಗ್ಗ ಕಟ್ಟಿದ ಕರುಗಳ ಹಾಗೆ, ಆ ಎಂಟೂ ದೋಣಿಗಳು ನಮ್ಮ ಅಂಗಳದ ಮುಂದೆ ಸಾಗಿದ್ದವು.

ಅವುಗಳಲ್ಲಿ ಒಂದನ್ನೂ ಇಂದು ನಾನು ಹೋಗಿ ನೋಡಲಾರೆ. ಆದರೆ ಅವುಗಳ ತಂಗಿ ಕಾರವಾರದ ಮರಳಿನ ಮೇಲೆ ಕೂತಿದ್ದಾಳೆ.

ಬೆಳಗಿನ ಐದಕ್ಕೆ ಸಿದ್ದಾಪುರ ಬಿಟ್ಟೆ. ತ್ರಾಸಿಯಲ್ಲಿ ಗೆಳೆಯನ ತಂದೆ ಕಾದು ನಿಂತಿದ್ದರು. ಗಂಗೊಳ್ಳಿಯವರು, ಹುಡುಗನಾಗಿದ್ದಾಗ ಶುರುಮಾಡಿ ಸೊಂಟ ಹಿಡಿಯುವ ತನಕ ಕಡಲಿಗೆ ಹೋದವರು. ನಾನು ಅವರನ್ನು ಅಜ್ಜ ಎನ್ನುವುದು. ಯುದ್ಧದ ಹಡಗು ನೋಡಲು ಹೋಗುವ ಎಂದಾಗ ಅವರು ಕೇಳಿದ್ದು ಒಂದೇ ಮಾತು: "ಒಳ್ಗ್ ಹೋಪುಕ್ ಬಿಡ್ತ್ರಾ?"

ಮರವಂತೆಯಲ್ಲಿ ಇನ್ನೂ ಮಬ್ಬು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ನಾವು. ನಮ್ಮ ಸಿದ್ದಾಪುರದ ಕಡೆಯಿಂದ ಹರಿದು ಬಂದ ವಾರಾಹಿಯೂ ಈ ಸೌಪರ್ಣಿಕೆಯೂ ಗಂಗೊಳ್ಳಿ ಅಳಿವೆಯಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ಆ ಅಳಿವೆಯ ಒಳಗೆ, ವಾರಾಹಿಯ ದಂಡೆಯಲ್ಲಿ ಬಸ್ರೂರು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ 85 ಸಣ್ಣ ಹಡಗು, ಮೂರು ದೊಡ್ಡ ಹಡಗು ತಂದು ಬಸ್ರೂರನ್ನು ಸೂರೆ ಮಾಡಿದ್ದು ಇದೇ ಬಾಯಿಂದ ಒಳನುಗ್ಗಿ. ಆ ಲೆಕ್ಕವನ್ನು ಗಮನಿಸಿ: ಎಂಬತ್ತೈದು ಸಣ್ಣವು, ಮೂರೇ ದೊಡ್ಡವು. ಸೂರೆ ಮುಗಿಸಿ ಗೋಕರ್ಣಕ್ಕೆ ಹೋಗಿ, ಹಡಗುಗಳನ್ನು ಹಿಂದಕ್ಕೆ ಕಳಿಸಿ, ಹನ್ನೆರಡು ಸಣ್ಣವನ್ನು ಮಾತ್ರ ಉಳಿಸಿಕೊಂಡ, ಹೊಳೆ ದಾಟಿಸುವುದಕ್ಕೆ. ಅಲ್ಲಿಂದ ಅಂಕೋಲೆ, ಕಾರವಾರ. ನಾನೂ ಅಜ್ಜನೂ ಹೋಗುತ್ತಿದ್ದ ದಾರಿ ಹೆಚ್ಚು ಕಡಿಮೆ ಅದೇ.

ಈ ಕರಾವಳಿಯನ್ನು ಬಲ್ಲವರೆಲ್ಲ ಸಣ್ಣ ಹಡಗನ್ನೇ ನಂಬಿದರು. ಅಳಿವೆಗಳಲ್ಲಿ ಮರಳು ದಿಬ್ಬ. ಆಳ ಬೇಡುವ ಹಡಗು ದೂರದಲ್ಲೇ ಲಂಗರು ಹಾಕಿ ನಿಲ್ಲಬೇಕು, ದಡಕ್ಕೆ ಏಟು ಹಾಕಬೇಕಾದರೆ ನೀರು ಕಡಿಮೆ ಬೇಡುವ ಹಡಗೇ ಬೇಕು. ಇಂಗ್ಲಿಷರು 1755ರಲ್ಲಿ ಮರಾಠಾ ನೌಕಾನಾಯಕ ಆಂಗ್ರೆಯ ಸುವರ್ಣದುರ್ಗದ ಕೋಟೆಯ ಮೇಲೆ ಬಿದ್ದಾಗ ದೊಡ್ಡ 'ಪ್ರೊಟೆಕ್ಟರ್' ಜತೆ 'ವೈಪರ್', 'ಟ್ರಯಂಫ್' ಎಂಬ ಎರಡು ಬಾಂಬು ದೋಣಿ ತಂದಿದ್ದರು. ಕೋಟೆಯ ಗೋಡೆ ದಾಟಿಸಿ ಗುಂಡು ಒಳಗೆ ಬೀಳುವಂತೆ ಹಾರಿಸುವುದೇ ಅವುಗಳ ಕಸುಬು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಇದೇ ಯೋಚನೆಯನ್ನು ಉಕ್ಕಿನಲ್ಲಿ ಎರಕ ಹೊಯ್ದು 'ಮಾನಿಟರ್' ಎಂದು ಕರೆಯಿತು: ತಟ್ಟೆಯಂಥ ಒಡಲು, ಅದರ ಮೇಲೆ ಮೈಗೆ ಮೀರಿದ ಫಿರಂಗಿ. 1915ರಲ್ಲಿ ಕೆಲವೇ ವಾರಗಳಲ್ಲಿ ಕಟ್ಟಿ ಗಲಿಪೊಲಿಗೆ ಓಡಿಸಿದ ಅಂಥದೊಂದು, 'ಎಂ-33', ಪೋರ್ಟ್ಸ್‌ಮತ್‌ನಲ್ಲಿ ಇಂದಿಗೂ ಉಳಿದಿದೆ. ಕ್ಷಿಪಣಿ ಬಂದ ಮೇಲೆ ಫಿರಂಗಿಯ ಭಾರವೂ ಬೇಡವಾಯಿತು. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಪುಟ್ಟ ದೋಣಿಗಳು ಪೋರ್ಟ್ ಸೈದ್ ಬಳಿ ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿದವು.

ಹೊನ್ನಾವರದಲ್ಲಿ ಶರಾವತಿ ದಾಟುವಾಗ ಸೂರ್ಯ ಮೇಲೆ ಬಂದಿದ್ದ. ಕುಮಟೆಯಲ್ಲಿ ಇಡ್ಲಿ. ಗಂಗಾವಳಿಯ ಸೇತುವೆ ಬಂದಾಗ ನಾನು ಆ ಹನ್ನೆರಡು ಸಣ್ಣ ಹಡಗುಗಳ ಕಥೆಯನ್ನು ಮತ್ತೆ ಹೇಳಿದೆ. ಅಜ್ಜ ಕಿಟಕಿಯಿಂದ ಹೊಳೆಯ ಅಗಲವನ್ನೇ ನೋಡುತ್ತಿದ್ದರು. "ಹನ್ನೆರಡ್ ಸಾಕ್," ಎಂದರು, ಲೆಕ್ಕ ಸರಿಹೋದವರ ಹಾಗೆ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಆಕೆ ಕೂತಿದ್ದಳು. ಐಎನ್‌ಎಸ್ ಚಪಲ್. ಬೂದು ಬಣ್ಣ, ಚೂಪು ಮೂತಿ, ಎರಡು ಬದಿಗೂ ಎರಡೆರಡು ದಪ್ಪ ಉರುಟು ಕೊಳವೆ. ಪಕ್ಕದಲ್ಲಿ ಅರಕೋಣದಿಂದ ಬಂದ ಟುಪೊಲೆವ್ ವಿಮಾನ ರೆಕ್ಕೆ ಚಾಚಿ ನಿಂತಿರುವುದರಿಂದ ದೋಣಿ ಇನ್ನೂ ಸಣ್ಣದಾಗಿ ಕಾಣುತ್ತದೆ. ನಮ್ಮಲ್ಲಿ ಚಪಲ ಎಂದರೆ ನಾಲಗೆಯದು. ಇದು ಮಿಂಚಿನ ಚಪಲ, ನಿಂತಲ್ಲಿ ನಿಲ್ಲದ ಚುರುಕು. 1976ರ ನವೆಂಬರ್ 4ರಂದು ನೌಕಾಪಡೆ ಸೇರಿ 2005ರ ಮೇ 5ರಂದು ನಿವೃತ್ತಿಯಾದವಳು. ಅದೇ ಮೇ ತಿಂಗಳ ಕೊನೆಗೆ ಇದೇ ಕಾರವಾರದಲ್ಲಿ ಕದಂಬ ನೌಕಾನೆಲೆ ತೆರೆಯಿತು. ಚಪಲ್ 1971ರ ಯುದ್ಧ ಮಾಡಿದಳು ಎಂದು ಅಲ್ಲಿ ಬಂದವರು ಮಕ್ಕಳಿಗೆ ಹೇಳುವುದು ಕೇಳಿಸಿತು. ಮಾಡಿದ್ದು ಅವಳಲ್ಲ, ಅಕ್ಕಂದಿರು. ಅವಳು ಹುಟ್ಟಿದ್ದು ಯುದ್ಧ ಮುಗಿದು ಐದು ವರ್ಷಕ್ಕೆ. ಆದರೆ ವಂಶ ಒಂದೇ: ಸೋವಿಯತ್ತರ 'ಓಸಾ'. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳು.

"ಹ್ವಾಯ್, ಇಷ್ಟೇಯಾ?" ಅಜ್ಜ ನಿಂತೇಬಿಟ್ಟರು.

ಇಷ್ಟೇ. 38.6 ಮೀಟರ್ ಉದ್ದ, ಮೂರೂವರೆ ಬಸ್ಸು ಸಾಲಾಗಿ ನಿಲ್ಲಿಸಿದಷ್ಟು. ಅಗಲ ಏಳೂವರೆ ಮೀಟರ್ ಚಿಲ್ಲರೆ. ಅಜ್ಜ ಮೂತಿಯಿಂದ ಹಿಂಗಾಲಿನವರೆಗೆ ಹೆಜ್ಜೆ ಹಾಕಿ ಅಳೆದರು, ನಂತರ ತಳದ ಕೆಳಗೆ ಬಗ್ಗಿ ನೋಡಿದರು. ನೋಡುವವರೆಲ್ಲ ಮೇಲಿನ ಕೊಳವೆ ನೋಡುತ್ತಿದ್ದರೆ ಅವರು ತಳ ನೋಡುತ್ತಿದ್ದರು. ನೀರಿನ ಕೆಳಗೆ ಎಷ್ಟು ಮುಳುಗುತ್ತದೆ ಎನ್ನುವುದೇ ದೋಣಿಯ ಜಾತಕ, ಎಂದು ಅವರ ಅಭಿಪ್ರಾಯ. ಈ ಒಡಲು ಅಲೆಯನ್ನು ಸೀಳುವುದಿಲ್ಲ, ಹೊಡೆದುಕೊಂಡು ಹೋಗುತ್ತದೆ, ಒಳಗಿದ್ದವರ ಬೆನ್ನು ಮೂಳೆ ಅಲ್ಲಾಡಿಹೋಗಿರಬೇಕು ಎಂದರು.

ಒಳಗೆ ಹೋಗಲು ಬಿಡುತ್ತಾರೆ. ಬಗ್ಗಿ ಹೋಗಬೇಕು. ಕೋಣೆಗಳಲ್ಲಿ ನಾವಿಕರ ಗೊಂಬೆಗಳನ್ನು ಇಟ್ಟಿದ್ದಾರೆ. ಮೂವತ್ತು ಜನ ಉಣ್ಣಬೇಕಾದ, ಮಲಗಬೇಕಾದ ಜಾಗ ನಮ್ಮೂರ ಮನೆಯ ಜಗಲಿಯಷ್ಟಿದೆ. ಯಂತ್ರದ ಬಗ್ಗೆ ಓದಿದ್ದು ಆಗ ನೆನಪಾಗಿ ಮೈ ಜುಮ್ಮೆಂದಿತು. ಈ ಜಾತಿಯ ದೋಣಿಗೆ ಮೂರು ಡೀಸೆಲ್ ಇಂಜಿನ್. ಒಂದೊಂದರಲ್ಲಿ 56 ಸಿಲಿಂಡರ್, ನಕ್ಷತ್ರದ ಕಿರಣಗಳಂತೆ ಸುತ್ತಲೂ ಜೋಡಿಸಿದ್ದು. ಒಂದಕ್ಕೆ 5,000 ಅಶ್ವಶಕ್ತಿ, ಮೂರಕ್ಕೆ 15,000. ಹತ್ತಿರ ಹತ್ತಿರ 40 ನಾಟ್ ವೇಗ, ಎಂದರೆ ಕಡಲ ಮೇಲೆ ಗಂಟೆಗೆ 70 ಕಿಲೋಮೀಟರ್. ಅಜ್ಜನಿಗೆ ಇದನ್ನು ಹೇಳಿದಾಗ ಅವರು ಕೈಯನ್ನು ಕಬ್ಬಿಣದ ಗೋಡೆಯ ಮೇಲಿಟ್ಟು ಸುಮ್ಮನೆ ನಿಂತರು, ಒಳಗೆ ಇನ್ನೂ ಏನೋ ಓಡುತ್ತಿದೆಯೋ ಎಂಬಂತೆ. ಹೀಗೆ ಉರಿದು ಓಡುವ ಯಂತ್ರಕ್ಕೆ ಆಯುಷ್ಯ ಕಡಿಮೆ, ಎಣ್ಣೆಯ ಹಸಿವು ಹೆಚ್ಚು. ತಮ್ಮ ಬಂದರನ್ನು ಕಾಯುವುದಕ್ಕೆಂದೇ ಸೋವಿಯತ್ತರು ಇದನ್ನು ಮಾಡಿದ್ದು; ದೂರ ಹೋಗಿ ದಾಳಿ ಮಾಡಲಿಕ್ಕಲ್ಲ.

ನಮ್ಮವರ ತಲೆ ಓಡಿದ್ದು ಇಲ್ಲಿ. ಕಲ್ಕತ್ತೆಯಿಂದ ಮುಂಬಯಿವರೆಗೆ ಹಗ್ಗ ಕಟ್ಟಿ ಎಳೆದು ತರಲಾಗುತ್ತದೆ ಎಂದಾದರೆ, ಹಗೆಯ ಬಾಗಿಲವರೆಗೂ ಯಾಕೆ ಎಳೆದೊಯ್ಯಬಾರದು? ಎಣ್ಣೆ ಉಳಿಯುತ್ತದೆ, ಇಂಜಿನ್ ಸವೆಯುವುದಿಲ್ಲ. ಹಗ್ಗ ಬಿಚ್ಚಿದ ಮೇಲೆ ಒಂದೇ ಓಟ. ಎಳೆಯುವ ಅಭ್ಯಾಸ ನಡೆಯಿತು. ಅರಬ್ಬಿ ಕಡಲಿನ ಗಾಳಿಯಲ್ಲಿ ಈ ದೋಣಿಗಳ ರಾಡಾರ್ ಎಣಿಸಿದ್ದಕ್ಕಿಂತ ಎಷ್ಟೋ ದೂರ ಕಾಣುತ್ತದೆ ಎಂಬುದೂ ಅದೇ ಹೊತ್ತಿಗೆ ತಿಳಿಯಿತು. ನಾವಿಕರು ವ್ಲಾಡಿವಸ್ತೋಕ್‌ನಲ್ಲಿ ತಿಂಗಳುಗಟ್ಟಲೆ ಇದ್ದು, ರಷ್ಯನ್ ಭಾಷೆ ಕಲಿತೇ ದೋಣಿ ನಡೆಸಲು ಕಲಿತವರು.

ದೋಣಿಯ ಮೇಲಿನ ಅಟ್ಟದಲ್ಲಿ ನಿಂತು ಅಜ್ಜನಿಗೆ 1971ರ ಡಿಸೆಂಬರ್ 4ರ ರಾತ್ರಿಯ ಕಥೆ ಹೇಳಿದೆ. ನಿಪಾತ್, ನಿರ್ಘಾತ್, ವೀರ್: ಮೂರು ಕಣಜ. ಜತೆಗೆ ಕಿಲ್ಟನ್, ಕಛಲ್ ಎಂಬ ಎರಡು ಕಾವಲು ಹಡಗು. ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್. ಕರಾಚಿಗೆ ತೆಂಕಣದಿಂದ ಹೋದರು. ತಮ್ಮೊಳಗಿನ ಮಾತನ್ನು ರೇಡಿಯೋದಲ್ಲಿ ರಷ್ಯನ್‌ನಲ್ಲೇ ಆಡಿದರು, ಕದ್ದು ಕೇಳಿದವರಿಗೆ ದಿಕ್ಕು ತೋಚಬಾರದೆಂದು. ಹನ್ನೊಂದು ಗಂಟೆಯ ಆಸುಪಾಸಿಗೆ ನಿರ್ಘಾತ್ ಬಿಟ್ಟ ಕ್ಷಿಪಣಿಗಳು 'ಖೈಬರ್' ಎಂಬ ಯುದ್ಧನೌಕೆಗೆ ತಾಗಿದವು. ಆ ಹಡಗಿನವರು ಆಕಾಶ ನೋಡಿದರು. ವಿಮಾನ ದಾಳಿಯೆಂದೇ ತಿಳಿದರು. ಇಷ್ಟು ದೊಡ್ಡ ಏಟು ಇಷ್ಟು ಸಣ್ಣ ದೋಣಿಯಿಂದ ಬಂದೀತೆಂದು ಯಾರು ಎಣಿಸಿಯಾರು? ವೀರ್ 'ಮುಹಾಫಿಜ್' ಎಂಬ, ಕಡಲಲ್ಲಿ ಹುದುಗಿಸಿದ ಸಿಡಿಗುಂಡು ತೆಗೆಯುವ ಹಡಗನ್ನು ಮುಳುಗಿಸಿತು. ನಿಪಾತ್‌ನ ಏಟಿಗೆ 'ವೀನಸ್ ಚಾಲೆಂಜರ್' ಎಂಬ ಸರಕು ಹಡಗು ಹೋಯಿತು. ಕೊನೆಗೆ ನಿಪಾತ್ ಕರಾಚಿ ಬಂದರಿನ ಕಿಮಾರಿಯ ಎಣ್ಣೆ ತೊಟ್ಟಿಗಳ ಕಡೆಗೂ ಒಂದು ಕ್ಷಿಪಣಿ ಬಿಟ್ಟು ತಿರುಗಿತು. ನಾಲ್ಕು ದಿನ ಕಳೆದು, ಡಿಸೆಂಬರ್ 8ರ ರಾತ್ರಿ, ವಿನಾಶ್ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ಎಂಬ ಯುದ್ಧನೌಕೆಗಳ ಜತೆ ಹೋಯಿತು. ಲೆಫ್ಟಿನೆಂಟ್ ಕಮಾಂಡರ್ ವಿಜಯ್ ಜೇರತ್ ಬಿಟ್ಟದ್ದು ನಾಲ್ಕೇ ಕ್ಷಿಪಣಿ. ಕಿಮಾರಿಯ ತೊಟ್ಟಿಗಳು ದಿನಗಟ್ಟಲೆ ಉರಿದವು. ಹಡಗು ಹುಡುಕಲೆಂದು ಮಾಡಿದ ಕ್ಷಿಪಣಿಗೆ ದಡದ ಮೇಲಿನ ಕಬ್ಬಿಣದ ತೊಟ್ಟಿಯೂ ಹಡಗಿನ ಹಾಗೆಯೇ ಕಂಡಿತು. ಸಾವಿರಾರು ಟನ್ನಿನ ಯುದ್ಧನೌಕೆ ಮಾಡಬೇಕಾದ ದಡದ ದಾಳಿಯನ್ನು ಇನ್ನೂರು ಟನ್ನಿನ ದೋಣಿ ಮಾಡಿ ಮುಗಿಸಿತು.

ಎರಡೂ ರಾತ್ರಿ ನಮ್ಮ ದೋಣಿಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದರೆ ಮರುದಿನವೇ, ಡಿಸೆಂಬರ್ 9ರಂದು, ದಿಯುವಿನ ಬಳಿ ನಮ್ಮ 'ಖುಕ್ರಿ' ಎಂಬ ಯುದ್ಧನೌಕೆ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಹೋದರು. ಖೈಬರ್‌ನಲ್ಲಿಯೂ ಇನ್ನೂರಕ್ಕೆ ಮೀರಿ ಜನ. ಅಜ್ಜ ಆ ಅಂಕಿಗಳನ್ನು ಕೇಳಿ, "ಕಡ್ಲಿಗ್ ಬಿದ್ರ್ ಎಲ್ಲರೂ ಒಂದೇ," ಎಂದು ತಲೆಯ ಮುಂಡಾಸು ತೆಗೆದು ಕಂಕುಳಲ್ಲಿಟ್ಟುಕೊಂಡರು. ಆ ಮಾತಿನ ಎದುರು ನನ್ನ ಬೆರಗೂ ಸ್ವಲ್ಪ ಹೊತ್ತು ತಲೆ ತಗ್ಗಿಸಿತು.

ಕೆಳಗಿಳಿಯುವ ಮೊದಲು ಅವರು ನನ್ನನ್ನು ಮೂತಿಯ ಕಡೆಗೆ ಕರೆದೊಯ್ದರು. ಅಲ್ಲಿ ಹಗ್ಗ ಸುತ್ತುವ ಗಿಡ್ಡ ಕಬ್ಬಿಣದ ಗೂಟ. ಬಣ್ಣದ ಮೇಲೆ ಬಣ್ಣ ಬಳಿದು ನುಣ್ಣಗಾಗಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದು ಎಳೆದು ನೋಡಿದರು.

"ಹಗ್ಗ ಕಟ್ಟದ್ದ್ ಇಲ್ಲೇ."

"ಅಜ್ಜ, ಇದು ಆ ದೋಣಿ ಅಲ್ಲ. ಆಮೇಲೆ ಬಂದದ್ದು."

"ಆಯ್ಲಿ. ಅಕ್ಕನ ಮೂಗ್ ತಂಗಿಗ್ ಇರತ್ತಲೆ."

ಕಾರಿನಲ್ಲಿ ಕೂತ ಮೇಲೆ, ದಿನವಿಡೀ ಗಂಟಲಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ. ಎಪ್ಪತ್ತೊಂದರಲ್ಲಿ ನೀವು ಕಡಲಿಗೆ ಹೋಗುತ್ತಿದ್ದಿರಲ್ಲ, ದೊಡ್ಡ ಹಡಗೊಂದು ಹಿಂದೆ ಸಣ್ಣ ಹಡಗನ್ನು ಕಟ್ಟಿಕೊಂಡು ತೆಂಕಿನಿಂದ ಬಡಗಿಗೆ ಹೋದದ್ದು ಕಂಡ ನೆನಪಿದೆಯಾ? ಅಂಕೋಲೆ ಬರುವವರೆಗೂ ಅವರು ಮಾತಾಡಲಿಲ್ಲ. ಐವತ್ತು ವರ್ಷದ ಕಡಲನ್ನು ಒಂದೊಂದೇ ಅಲೆಯಾಗಿ ಹಿಂದಕ್ಕೆ ಸರಿಸುತ್ತಿದ್ದರೆಂದು ಕಾಣುತ್ತದೆ.

"ಕಂಡಿಪ್ಪುಕೂ ಸಾಕ್," ಎಂದರು ಕಡೆಗೆ. "ಹಡ್ಗ್ ದಿನಾ ಹೋತಿದ್ದೊ. ನಮ್ಗೆ ಬಲೆದೇ ಚಿಂತಿ. ಯಾರ್ ಎಣ್ಸಿರ್?"

ಸಂಜೆ ಬೈಂದೂರು ದಾಟಿ ಮರವಂತೆಗೆ ಬಂದಾಗ ಗಾಡಿ ನಿಲ್ಲಿಸಲು ಹೇಳಿದರು. ತಡೆಗಲ್ಲುಗಳ ಮೇಲೆ ಕೂತೆವು. ದೂರದಲ್ಲಿ ಬೋಟೊಂದು ಇಂಜಿನ್ ಕೆಟ್ಟ ಇನ್ನೊಂದು ಬೋಟನ್ನು ಗಂಗೊಳ್ಳಿಯತ್ತ ಎಳೆದುಕೊಂಡು ಬರುತ್ತಿತ್ತು. ಎರಡರ ನಡುವಿನ ಹಗ್ಗ ಅಲ್ಲಿಂದ ಕಾಣಿಸುವಂಥದ್ದಲ್ಲ. ಅಜ್ಜನಿಗೆ ಕಾಣುತ್ತಿತ್ತೋ ಏನೋ. ಅಲೆ ಬಂದಾಗ ಹಗ್ಗ ಸಡಿಲವಾಗುವುದನ್ನೂ ಮತ್ತೆ ಬಿಗಿಯುವುದನ್ನೂ ಕೈಬೆರಳಿನಲ್ಲಿ ತೋರಿಸುತ್ತ, ಎರಡೂ ದೋಣಿ ಅಳಿವೆಯ ಒಳಗೆ ಹೋಗುವ ತನಕ ಎದ್ದೇಳಲಿಲ್ಲ.